ಬಿಸಿನೀರಿನ ಕೊಳವೆಗಳು ಬಡಿದುಕೊಳ್ಳುವುದೇಕೆ?

ಕಳೆದ ಚಳಿಗಾಲದಲ್ಲಿ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನನಗೊಂದು ಕಾಗದ ಬಂದಿತು. ಆಕೆ ಮಂಗಳೂರಿನಲ್ಲಿ ದಾದಿಯ ತರಬೇತನ್ನು ಮುಗಿಸಿ, ಈಗ ಇಂಗ್ಲೆಂಡಿನ ಆಗ್ನೇಯ ಭಾಗದ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸದಲ್ಲಿರುವಳು. “ಟೀಚರೇ, ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಮುಂಜಾನೆ ಐದು ಗಂಟೆಯಾಗುತ್ತಲೇ ಗೋಡೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದಾಗುತ್ತದೆ. ಮಗು ಬೆಚ್ಚಿ ಎದ್ದು ಅಳುತ್ತದೆ. ಇವರಿಗೆ ರಾತ್ರಿಯ ಪಾಳಿ, ನಾನೊಬ್ಬಳೇ ಇರುತ್ತೇನೆ. ಮನೆಯ ಧಣಿಯ ಕಡೆಯವನು ಒಂದು ಮಧ್ಯಾಹ್ನ ಬಂದು ನೋಡಿ, ಏನೂ ಇಲ್ಲವೆಂದು ಹೇಳಿ ಹೋದನು. ಬಾಯ್ಲರ್ ಒಡೆದುಹೋಗುವುದೋ ಎಂದು ನನಗೆ ಭಯ” ಎಂಬುದಾಗಿ ಬರೆದಿದ್ದಳು. ಅದರ ಮಾರನೆಯ ದಿನ ಆ ಸದ್ದನ್ನೇ ಫೋನಿನಲ್ಲಿ ಹಿಡಿದು ಕಳುಹಿಸಿದಳು.

ಆಕೆಗೆ ಬರೆದ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುವುದಕ್ಕೆ ಕಾರಣವುಂಟು. ನಮ್ಮಲ್ಲಿ ಕಲಿತ ಹುಡುಗಿಯರಲ್ಲಿ ಅನೇಕರು ಇಂದು ಚಳಿಯ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಅವರ ತಾಯಂದಿರು ಬಾಣಂತನಕ್ಕೆಂದು ಹೋಗಿ ತಿಂಗಳುಗಟ್ಟಲೆ ಆ ಮನೆಗಳಲ್ಲಿ ನಿಲ್ಲುತ್ತಾರೆ. ಮಿಕ್ಕವರು ಕೆಲಸಕ್ಕೆ ಹೋದ ಮೇಲೆ ಈ ಸದ್ದುಗಳನ್ನು ಕೇಳುತ್ತ ಕುಳಿತಿರುವವರು ಅವರೇ. ಇವುಗಳಲ್ಲಿ ಯಾವುದಕ್ಕೆ ಹೆದರತಕ್ಕದ್ದು, ಯಾವುದಕ್ಕೆ ಹೆದರಬೇಕಾದದ್ದಿಲ್ಲ ಎಂಬುದನ್ನು ತಿಳಿದಿರುವುದು ಅಗತ್ಯ.

ಮೊದಲು ಆ ಏರ್ಪಾಡು ಎಂತಹದೆಂದು ಹೇಳಬೇಕು. ನಮ್ಮ ಬಚ್ಚಲೊಲೆಯ ಹಂಡೆಯಲ್ಲಿ ಕಾದ ನೀರನ್ನು ನಾವು ಮೈಮೇಲೆ ಹೊಯ್ದುಕೊಂಡು ಚೆಲ್ಲಿಬಿಡುತ್ತೇವೆ. ಅಲ್ಲಿ ಕೋಣೆಗಳನ್ನು ಬೆಚ್ಚಗಿಡುವ ನೀರು ಹಾಗೆ ಚೆಲ್ಲಿಹೋಗುವುದಿಲ್ಲ. ಅಡಿಗೆಮನೆಯ ಗೋಡೆಗೋ ಬೇರೆಲ್ಲಿಯೋ ತೂಗುಹಾಕಿದ ಬಾಯ್ಲರ್ ಎಂಬ ಪೆಟ್ಟಿಗೆಯಲ್ಲಿ ಗ್ಯಾಸು ಉರಿದು ನೀರನ್ನು ಕಾಯಿಸುತ್ತದೆ. ಒಂದು ಸಣ್ಣ ಪಂಪು ಆ ನೀರನ್ನು ನೆಲದ ಹಲಗೆಗಳ ಕೆಳಗೆ ಹಾಯುವ ಕೊಳವೆಗಳಲ್ಲಿ ತಳ್ಳುತ್ತದೆ. ನೀರು ಪ್ರತಿಯೊಂದು ಕೋಣೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ರೇಡಿಯೇಟರ್ ಎಂಬ ಚಪ್ಪಟೆಯಾದ ಲೋಹದ ಪಾತ್ರೆಯನ್ನು ಹೊಕ್ಕು, ತನ್ನ ಬಿಸಿಯನ್ನು ಕೋಣೆಗೆ ಕೊಟ್ಟು, ತಣಿದು, ಮತ್ತೆ ಬಾಯ್ಲರಿಗೇ ಮರಳುತ್ತದೆ. ಸ್ನಾನಕ್ಕೂ ಪಾತ್ರೆಗಳಿಗೂ ಒದಗುವ ನೀರು ಬೇರೆ. ಇದಾದರೋ ಒಮ್ಮೆ ತುಂಬಿಸಿದ ನೀರೇ ವರ್ಷಗಟ್ಟಲೆ ಸುತ್ತುತ್ತಿರುವಂಥದು. ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುವುದು.

ಸುತ್ತಲೂ ಮುಚ್ಚಿದ ಕೊಳವೆಗಳಲ್ಲಿ ನೀರು ಕಾದರೆ ಅದು ಹಿಗ್ಗಿ ಎಲ್ಲಿಗೆ ಹೋಗಬೇಕು? ೧೦ ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ನೂರು ಲೀಟರು ನೀರು ೮೦ ಡಿಗ್ರಿಗೆ ಕಾದಾಗ ಸುಮಾರು ನೂರಮೂರು ಲೀಟರಾಗುತ್ತದೆ. ಈ ಹೆಚ್ಚಿನ ನೀರಿಗಾಗಿ ಒಂದು ಪಾತ್ರೆಯನ್ನು ಇಟ್ಟಿರುತ್ತಾರೆ. ಅದರ ನಡುವೆ ರಬ್ಬರಿನ ಪೊರೆ, ಪೊರೆಯ ಒಂದು ಕಡೆ ನೀರು, ಮತ್ತೊಂದು ಕಡೆ ಗಾಳಿ. ನೀರು ಹಿಗ್ಗಿದಾಗ ಗಾಳಿಯು ಅಮುಕಿಕೊಂಡು ಸ್ಥಳ ಬಿಡುತ್ತದೆ. ಒಳಗಿನ ಒತ್ತಡವನ್ನು ತೋರಿಸುವ ಮುಳ್ಳು ಸಾಧಾರಣವಾಗಿ ಬಾಯ್ಲರಿನ ಮುಖದಲ್ಲಿಯೇ ಇರುವುದು. ಬ್ರಿಟನ್ನಿನ ಮನೆಗಳಲ್ಲಿ, ನೀರು ತಣ್ಣಗಿರುವಾಗ, ಅದು ೧ರಿಂದ ೧.೫ ಬಾರ್ ತೋರಿಸಿದರೆ ಸರಿ. ಏನಾದರೂ ಕೆಟ್ಟು ೩ ಬಾರಿಗೆ ಏರಿದರೆ ರಕ್ಷಣೆಯ ವಾಲ್ವೊಂದು ತಾನಾಗಿ ತೆರೆದು ನೀರನ್ನು ಮನೆಯ ಹೊರಗಡೆಗೆ ಬಿಟ್ಟುಬಿಡುತ್ತದೆ. ಬಾಯ್ಲರ್ ಒಡೆಯುವುದೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ವಾಲ್ವಿನಲ್ಲಿಯೇ ಇದೆ. ಇದನ್ನು ಕಟ್ಟಿಹಾಕದೆ, ಮುಚ್ಚದೆ, ಸುಸ್ಥಿತಿಯಲ್ಲಿ ಇಟ್ಟಿರುವ ಮನೆಯಲ್ಲಿ ಕೊಳವೆಗಳು ಎಷ್ಟೇ ಬಡಿದುಕೊಂಡರೂ ಬಾಯ್ಲರ್ ಸಿಡಿಯುವುದು ತೀರ ಅಪರೂಪ.

ಇನ್ನು ಸದ್ದಿನ ಮಾತು. ನಾನು ಆಕೆಯನ್ನು ಮೊದಲು ಕೇಳಿದ್ದು ಸದ್ದು ಎಲ್ಲಿಂದ ಬರುತ್ತದೆಂದಲ್ಲ, ಯಾವಾಗ ಬರುತ್ತದೆಂದು. ಏಕೆಂದರೆ ಲೋಹದ ಕೊಳವೆಯು ಸದ್ದನ್ನು ಮನೆಯ ಈ ತುದಿಯಿಂದ ಆ ತುದಿಗೆ ಒಯ್ಯಬಲ್ಲದು. ಮಲಗುವ ಕೋಣೆಯಲ್ಲಿ ಕೇಳಿದ ಪೆಟ್ಟು ಅಡಿಗೆಮನೆಯಲ್ಲಿ ಹುಟ್ಟಿರಬಹುದು. ಸ್ಥಳದ ವಿಷಯದಲ್ಲಿ ಕಿವಿ ಮೋಸಹೋಗುವುದುಂಟು, ಕಾಲದ ವಿಷಯದಲ್ಲಿ ಹಾಗಿಲ್ಲ. ಫೋನಿನಲ್ಲಿ ಬಂದ ಸದ್ದಾದರೂ ಬರಿಯ ಸದ್ದೇ. ಆ ಗಳಿಗೆಯಲ್ಲಿ ಜ್ವಾಲೆ ಉರಿಯುತ್ತಿತ್ತೋ, ಆಗತಾನೇ ಹೊತ್ತಿತ್ತೋ, ಆರಿತ್ತೋ ಎಂಬುದನ್ನು ಅದು ಹೇಳಲಾರದು. ಕೆಲಸಗಾರನು ಬಂದು ಅರ್ಧ ಗಂಟೆ ನಿಂತು ಹೋಗುವನು. ಅವನು ಬರುವ ಹೊತ್ತಿಗೆ ಮನೆಯೆಲ್ಲ ಬೆಚ್ಚಗಾಗಿ ಸದ್ದು ಅಡಗಿರುತ್ತದೆ. ಆದಕಾರಣ ಅವನು ಏನೂ ಇಲ್ಲವೆಂದದ್ದು ಸುಳ್ಳಲ್ಲ. ಅವನು ಇದ್ದಾಗ ಏನೂ ಇರಲಿಲ್ಲ. ಸಾಕ್ಷಿ ಹೇಳಬೇಕಾದವಳು ಆ ಮನೆಯಲ್ಲಿ ವಾಸವಾಗಿರುವವಳೇ.

ಆದುದರಿಂದ ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಎಳೆದು, ಗಂಟೆ, ಜ್ವಾಲೆಯ ಸ್ಥಿತಿ, ಸದ್ದಿನ ಬಗೆ, ಒತ್ತಡದ ಮುಳ್ಳು, ಇವಿಷ್ಟನ್ನು ಏಳು ದಿನ ಬರೆದಿಡುವಂತೆ ತಿಳಿಸಿದೆನು. ಪ್ರಯೋಗದ ಪುಸ್ತಕಕ್ಕೆ ಗೆರೆ ಎಳೆಯಲು ನಮ್ಮಲ್ಲಿ ಆಕೆಯಷ್ಟು ಬೇಸರಪಟ್ಟ ಹುಡುಗಿ ಮತ್ತೊಬ್ಬಳಿರಲಿಲ್ಲ. ಆದರೂ ಎಂಟನೆಯ ದಿನ ಆ ಪುಟದ ಚಿತ್ರ ನನಗೆ ಬಂದಿತು, ಗೆರೆಗಳೂ ನೇರವಾಗಿದ್ದವು. ಅದನ್ನು ನೋಡುತ್ತಲೇ ತಿಳಿದದ್ದೇನೆಂದರೆ, ಆಕೆ ಒಂದೆಂದು ತಿಳಿದಿದ್ದ ಸದ್ದು ಎರಡಾಗಿತ್ತು. ಬಾಯ್ಲರ್ ಹೊತ್ತಿದ ಕೆಲವು ನಿಮಿಷಗಳಲ್ಲಿ ಮೆಟ್ಟಿಲ ಕೆಳಗೆ ಟಕ್, ಟಕ್ ಎಂದು ಬಿಡಿಬಿಡಿಯಾದ ಪೆಟ್ಟುಗಳು. ಅವು ಅರ್ಧ ಗಂಟೆಯೊಳಗೆ ನಿಲ್ಲುತ್ತಿದ್ದವು, ಬಾಯ್ಲರ್ ಆರಿದ ಮೇಲೆ ಮತ್ತೊಮ್ಮೆ ಕೇಳುತ್ತಿದ್ದವು. ಎರಡನೆಯದು ಗುಡುಗುಡು ಮೊರೆತದ ನಡುವೆ ಢಬ್ ಢಬ್ ಎಂಬ ಭಾರವಾದ ಹೊಡೆತ. ಇದು ಜ್ವಾಲೆ ಇರುವ ತನಕ ಇದ್ದು, ಜ್ವಾಲೆ ಆರಿದ ಒಂದೆರಡು ನಿಮಿಷಗಳಲ್ಲಿ ಅಡಗುತ್ತಿತ್ತು. ನಾಲ್ಕನೆಯ ಅಂಕಣದಲ್ಲಿ ಮತ್ತೊಂದು ಸಂಗತಿಯಿತ್ತು: ಸೋಮವಾರ ೧.೨ ಇದ್ದ ಮುಳ್ಳು ಭಾನುವಾರಕ್ಕೆ ೦.೬ಕ್ಕೆ ಇಳಿದಿತ್ತು.

ಮೊದಲನೆಯ ಸದ್ದಿಗೆ ಕಾರಣ ಲೋಹದ ಹಿಗ್ಗುವಿಕೆ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ನಮ್ಮ ಹಿರಿಯರು ನೋಡಿದ್ದರು. ಆ ಪಾಠವೇ ಇದು. ಹತ್ತು ಮೀಟರು ಉದ್ದದ ತಾಮ್ರದ ಕೊಳವೆಯು ೫೦ ಡಿಗ್ರಿ ಕಾದರೆ ಎಂಟೂವರೆ ಮಿಲಿಮೀಟರು ಉದ್ದವಾಗುತ್ತದೆ. ಉಕ್ಕಿನದಾದರೆ ಸುಮಾರು ಆರು. ಕೊಳವೆಗೆ ಸರಾಗವಾಗಿ ಜಾರಲು ಎಡೆಯಿದ್ದರೆ ಸದ್ದಿಲ್ಲ. ಆದರೆ ಮರದ ತೊಲೆಯ ಬಿಗಿಯಾದ ರಂಧ್ರದಲ್ಲಿಯೋ ಗೋಡೆಯ ಹಿಡಿಕೆಯಲ್ಲಿಯೋ ಅದು ಸಿಕ್ಕಿಕೊಂಡಿದ್ದರೆ, ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದು, ಬಲ ಸಾಲದಾದಾಗ ಥಟ್ಟನೆ ಜಾರುತ್ತದೆ. ಆ ಜಾರಿಕೆಯೇ ಟಕ್ಕೆನ್ನುವುದು. ಮತ್ತೆ ಬಿಗಿಯುವುದು, ಮತ್ತೆ ಜಾರುವುದು. ಕೊಳವೆ ಪೂರ್ತಿ ಕಾದ ಮೇಲೆ ಹಿಗ್ಗು ಮುಗಿಯುತ್ತದೆ, ಸದ್ದೂ ಮುಗಿಯುತ್ತದೆ. ತಣಿಯುವಾಗ ಕುಗ್ಗುತ್ತ ಅದೇ ಕ್ರಮ ಹಿಮ್ಮುಖವಾಗಿ ನಡೆಯುತ್ತದೆ. ಆರಂಭದಲ್ಲಿಯೂ ಅಂತ್ಯದಲ್ಲಿಯೂ ಕೇಳಿ, ನಡುವೆ ಕೇಳದ ಸದ್ದು ಸಾಮಾನ್ಯವಾಗಿ ಇದೇ. ಇದರಿಂದ ಅಪಾಯವಿಲ್ಲ. ರಂಧ್ರವನ್ನು ತುಸು ದೊಡ್ಡದು ಮಾಡಿ, ಕೊಳವೆಗೂ ಮರಕ್ಕೂ ನಡುವೆ ಉಣ್ಣೆಬಟ್ಟೆಯನ್ನೋ ಪ್ಲಾಸ್ಟಿಕ್ಕಿನ ತುಂಡನ್ನೋ ಸೇರಿಸಿದರೆ ಸಾಕು. ಅದಕ್ಕಾಗಿ ನೆಲದ ಹಲಗೆಗಳನ್ನು ಎಬ್ಬಿಸಬೇಕಾಗುವುದಾದ್ದರಿಂದ ಎಷ್ಟೋ ಮನೆಗಳಲ್ಲಿ ಜನರು ಸದ್ದಿನೊಡನೆಯೇ ಬಾಳುತ್ತಾರೆ, ಅದೂ ತಪ್ಪಲ್ಲ.

ಎರಡನೆಯದು ಹಾಗೆ ಬಿಟ್ಟುಬಿಡತಕ್ಕದ್ದಲ್ಲ. ಇದನ್ನು ತಿಳಿಯುವುದಕ್ಕೆ ನಮ್ಮ ಹಂಡೆಯ ಬಳಿಗೆ ಬರೋಣ. ಬೆಂಕಿ ಹಾಕಿ ಸ್ವಲ್ಪ ಹೊತ್ತಾದ ಮೇಲೆ, ನೀರು ಇನ್ನೂ ಕುದಿಯದಿರುವಾಗಲೇ, ಹಂಡೆಯು ಮೊರೆಯುವುದನ್ನು ನೀವು ಕೇಳಿರುವಿರಿ; ಚೆನ್ನಾಗಿ ಕುದಿ ಬಂದ ಮೇಲೆ ಮೊರೆತ ತಗ್ಗಿ ಕೊತಕೊತ ಶಬ್ದ ಮಾತ್ರ ಉಳಿಯುತ್ತದೆ. ಕುದಿಯುವ ಮುನ್ನವೇ ಸದ್ದು ಹೆಚ್ಚೇಕೆ? ತಳಕ್ಕೆ ತಗಲಿದ ನೀರಿನ ಪದರವು ಮೇಲಿನ ನೀರಿಗಿಂತ ಮುಂಚೆ ಆವಿಯಾಗುತ್ತದೆ. ನೀರು ಆವಿಯಾದಾಗ ಸಾಧಾರಣ ಒತ್ತಡದಲ್ಲಿ ಸುಮಾರು ೧೬೦೦ ಪಟ್ಟು ಸ್ಥಳವನ್ನು ಆಕ್ರಮಿಸುವುದು. ಆ ಗುಳ್ಳೆ ಮೇಲೆದ್ದು ತಣ್ಣನೆಯ ನೀರನ್ನು ಮುಟ್ಟಿದೊಡನೆಯೇ ಆವಿ ನೀರಾಗಿ, ಗುಳ್ಳೆಯಿದ್ದ ಸ್ಥಳ ಬರಿದಾಗಿ, ಸುತ್ತಲ ನೀರು ನಾಲ್ಕು ಕಡೆಯಿಂದಲೂ ನುಗ್ಗಿ ಡಿಕ್ಕಿ ಹೊಡೆಯುತ್ತದೆ. ಸಾವಿರಾರು ಸಣ್ಣ ಡಿಕ್ಕಿಗಳ ಮೊತ್ತವೇ ಆ ಮೊರೆತ. ಇದನ್ನು ಅಲ್ಪವೆಂದು ಎಣಿಸಬೇಡಿರಿ. ಕೆಟ್ಟಲಿನ ನೀರಿನ ಸದ್ದನ್ನು ಕುರಿತು ಆಸ್‌ಬೋರ್ನ್ ರೆನಾಲ್ಡ್ಸರು ಬರೆದುದನ್ನು ಓದಿಯೇ ಲಾರ್ಡ್ ರೇಲಿಯವರು ಗುಳ್ಳೆಯು ಕುಸಿಯುವಾಗ ಹುಟ್ಟುವ ಒತ್ತಡವನ್ನು ಲೆಕ್ಕಹಾಕಿ ೧೯೧೭ರಲ್ಲಿ ಪ್ರಕಟಿಸಿದರು. ಹಡಗಿನ ಚಕ್ರಗಳ ಲೋಹ ಸವೆಯುವುದನ್ನು ವಿವರಿಸುವವರು ಇಂದಿಗೂ ಆ ಲೆಕ್ಕವನ್ನು ಆಶ್ರಯಿಸುತ್ತಾರೆ.

ಬಾಯ್ಲರಿನಲ್ಲಿ ನಡೆಯುವುದೂ ಇದೇ. ಸುತ್ತುವ ನೀರಿನ ಬಿಸಿ ೭೦ ಡಿಗ್ರಿಯೇ ಇದ್ದರೂ, ಜ್ವಾಲೆಗೆ ಎದುರಾದ ಲೋಹದ ಗೋಡೆಗೆ ಸುಣ್ಣದ ಹಕ್ಕಳೆ ಕಟ್ಟಿದ್ದರೆ ಶಾಖವು ನೀರಿಗೆ ದಾಟಲಾರದೆ ಲೋಹ ಅತಿಯಾಗಿ ಕಾಯುತ್ತದೆ. ಹಕ್ಕಳೆಯ ಬಿರುಕುಗಳಲ್ಲಿ ಇಳಿದ ನೀರು ಅಲ್ಲಿಯೇ ಸಿಡಿದು ಆವಿಯಾಗಿ, ಹೊರಬಂದು ಕುಸಿಯುತ್ತದೆ. ಪಂಪು ಬಲಗುಂದಿ ನೀರು ನಿಧಾನವಾಗಿ ಹರಿದರೂ, ತುಕ್ಕಿನ ಕಪ್ಪು ಕೆಸರು ದಾರಿಯನ್ನು ಕಟ್ಟಿದರೂ, ಯಾರೋ ಒಂದು ವಾಲ್ವನ್ನು ಮುಚ್ಚಿ ಮರೆತಿದ್ದರೂ ಫಲ ಒಂದೇ. ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆಂಬುದು ಮತ್ತೊಂದು ಕಾರಣ. ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಎತ್ತರದ ಬೆಂಗಳೂರಿನಲ್ಲಿ ಸುಮಾರು ೯೭ಕ್ಕೇ ಕುದಿಯುವುದನ್ನು ತರಗತಿಯಲ್ಲಿ ಕಲಿತಿರುವಿರಷ್ಟೆ. ಅದೇ ನೀರು, ಮುಳ್ಳು ೧ ಬಾರ್ ತೋರಿಸುವ ಬಾಯ್ಲರಿನಲ್ಲಿ, ೧೨೦ ಡಿಗ್ರಿಯ ತನಕ ಕುದಿಯದೆ ನಿಲ್ಲುವುದು. ಮುಳ್ಳು ಇಳಿದಂತೆ ಈ ರಕ್ಷೆ ಕರಗುತ್ತದೆ.

ಈಗ ಜ್ಞಾಪಕದಲ್ಲಿಡಲು ಹೇಳಿದ ಮಾತಿಗೆ ಬರುತ್ತೇನೆ. ಒಮ್ಮೆ ತುಂಬಿಸಿದ ನೀರೇ ಸುತ್ತುವುದಾದರೆ ಸುಣ್ಣ ಬರುವುದೆಲ್ಲಿಂದ? ಇಂಗ್ಲೆಂಡಿನ ಆಗ್ನೇಯ ಭಾಗದ ನೆಲದಲ್ಲಿ ಸೀಮೆಸುಣ್ಣದ ಬಂಡೆ ಹೇರಳವಾಗಿದ್ದು, ಅಲ್ಲಿನ ಅನೇಕ ಊರುಗಳ ಗಡಸು ನೀರಿನಲ್ಲಿ ಲೀಟರಿಗೆ ೨೫೦ ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವಿರುವುದು. ನೂರು ಲೀಟರಿನಲ್ಲಿ ಇಪ್ಪತ್ತೈದು ಗ್ರಾಂ ಎಂದಾಯಿತು. ಒಮ್ಮೆಗೆ ಇಷ್ಟೇ ಆದರೆ ದೊಡ್ಡದೇನೂ ಅಲ್ಲ. ಆದರೆ ಆಕೆಯನ್ನು ವಿಚಾರಿಸಿದಾಗ ತಿಳಿದದ್ದು: ಮುಂಚೆ ಆ ಮನೆಯಲ್ಲಿದ್ದವರು, ಮುಳ್ಳು ಇಳಿದರೆ ಬಾಯ್ಲರಿನ ಕೆಳಗಿನ ಸಣ್ಣ ತಿರುಪನ್ನು ತೆರೆದು ಹೊಸ ನೀರು ತುಂಬಿಸಿಕೊಳ್ಳಬೇಕೆಂದು ಹೇಳಿಹೋಗಿದ್ದರಂತೆ; ಆಕೆಯೂ ಎರಡು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ತಪ್ಪದೆ ತುಂಬಿಸುತ್ತಿದ್ದಳು. ಮುಚ್ಚಿದ ಏರ್ಪಾಡಿನಿಂದ ವಾರವಾರವೂ ನೀರು ಕಡಿಮೆಯಾಗುವುದಾದರೆ ಅದು ಎಲ್ಲಿಯೋ ಸೋರುತ್ತಿರಲೇಬೇಕು. ಪ್ರತಿ ಸಲದ ಹೊಸ ನೀರಿನೊಡನೆ ಹೊಸ ಸುಣ್ಣ ಬಂದು, ಅತ್ಯಂತ ಬಿಸಿಯಾದ ಸ್ಥಳದಲ್ಲಿಯೇ ಹೋಗಿ ಕಟ್ಟಿಕೊಳ್ಳುತ್ತಿತ್ತು. ಅದರೊಡನೆ ಕರಗಿದ ಆಮ್ಲಜನಕ ಬಂದು ಉಕ್ಕಿನ ರೇಡಿಯೇಟರುಗಳನ್ನು ತುಕ್ಕುಹಿಡಿಸಿ ಕೆಸರು ಮಾಡುತ್ತಿತ್ತು. ಉಪಕಾರವೆಂದು ಮಾಡಿದ ಕೆಲಸವೇ ರೋಗವನ್ನು ಪೋಷಿಸಿತು. ಹಕ್ಕಳೆಯನ್ನು ಮಾತ್ರ ತೊಳೆಸಿ ಸೋರುವಿಕೆಯನ್ನು ಬಿಟ್ಟಿದ್ದರೆ ಸದ್ದು ಕಾಲಕ್ರಮದಲ್ಲಿ ಮರಳಿ ಬರುತ್ತಿತ್ತು. ಇದೇ ಸದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೇಳಿಬಂದಿದ್ದರೆ ನಾನು ಸುಣ್ಣವನ್ನು ಕಡೆಯಲ್ಲಿ ಸಂಶಯಿಸುತ್ತಿದ್ದೆನು. ೧೮೫೯ರಿಂದ ಆ ನಗರಕ್ಕೆ ಲಾಖ್ ಕ್ಯಾಟ್ರಿನ್ ಸರೋವರದ ಮೃದುವಾದ ನೀರು ಬರುತ್ತಿದೆ. ಅಲ್ಲಿ ಮೊದಲು ನೋಡಬೇಕಾದದ್ದು ಪಂಪನ್ನೂ ಕೆಸರನ್ನೂ.

ಬೇರೆ ಮನೆಗಳಲ್ಲಿ ಬೇರೆ ಸದ್ದುಗಳು ಕೇಳಬಹುದು. ಗುಳುಗುಳು ಎಂಬುದು ಗಾಳಿ. ರೇಡಿಯೇಟರಿನ ಮೇಲ್ಭಾಗ ತಣ್ಣಗೂ ಕೆಳಭಾಗ ಬಿಸಿಯಾಗಿಯೂ ಇದ್ದರೆ ನಿಶ್ಚಯವಾಯಿತು. ಬಾಯ್ಲರನ್ನು ಆರಿಸಿ, ಎಲ್ಲವೂ ತಣಿದ ಮೇಲೆ, ಕೆಳಗೆ ಬಟ್ಟೆ ಹಿಡಿದು, ರೇಡಿಯೇಟರಿನ ಮೇಲ್ತುದಿಯ ತಿರುಪನ್ನು ಅದರ ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿದರೆ ಬುಸ್ಸೆಂದು ಗಾಳಿ ಹೋಗುವುದು; ನೀರು ಜಿನುಗಿದೊಡನೆ ಮುಚ್ಚಬೇಕು. ಆಮೇಲೆ ಮುಳ್ಳನ್ನು ನೋಡಲು ಮರೆಯಬಾರದು. ಇದನ್ನು ಯಾರಾದರೂ ಮಾಡಬಹುದು.

ಒಂದೇ ಒಂದು ಭಾರಿ ಪೆಟ್ಟು, ಅದೂ ಏನಾದರೊಂದು ಮುಚ್ಚಿಕೊಂಡ ಕ್ಷಣದಲ್ಲಿಯೇ ಬಂದರೆ, ಅದು ನೀರಿನ ಸುತ್ತಿಗೆ. ಬಸ್ಸು ಥಟ್ಟನೆ ನಿಂತಾಗ ನಿಂತಿದ್ದವರೆಲ್ಲರೂ ಮುಂದಕ್ಕೆ ಬೀಳುವಂತೆ, ಹರಿಯುವ ನೀರನ್ನು ವಾಲ್ವು ಫಕ್ಕನೆ ತಡೆದರೆ ಹಿಂದಿನ ನೀರೆಲ್ಲ ಬಂದು ಅದಕ್ಕೆ ಅಪ್ಪಳಿಸುತ್ತದೆ. ರಷ್ಯದ ನಿಕೊಲಾಯ್ ಝುಕೋವ್‌ಸ್ಕಿಯವರು ಮಾಸ್ಕೋವಿನ ನೀರುಸರಬರಾಜಿನ ಕೊಳವೆಗಳಲ್ಲಿ ಪ್ರಯೋಗಗಳನ್ನು ನಡೆಸಿ ೧೮೯೮ರಲ್ಲಿ ಇದರ ನಿಯಮವನ್ನು ಪ್ರಕಟಿಸಿದರು. ಆ ಪ್ರಕಾರ ಸೆಕೆಂಡಿಗೆ ಒಂದು ಮೀಟರು ವೇಗದ ನೀರು ಲೋಹದ ಕೊಳವೆಯಲ್ಲಿ ಒಮ್ಮೆಲೇ ನಿಂತರೆ ಹುಟ್ಟುವ ಒತ್ತಡ ಹತ್ತು ಬಾರಿಗೂ ಮೇಲೆ. ಬಟ್ಟೆ ಒಗೆಯುವ ಯಂತ್ರದ ವಿದ್ಯುತ್ ವಾಲ್ವು ಇದಕ್ಕೆ ಪ್ರಸಿದ್ಧ. ಕೋಣೆಗಳನ್ನು ಬೆಚ್ಚಗಿಡುವ ಏರ್ಪಾಡಿನಲ್ಲಿ, ಬಾಣದ ಗುರುತಿಗೆ ವಿರುದ್ಧವಾಗಿ ಕೂರಿಸಿದ ವಾಲ್ವು ನೀರಿನ ಸೆಳೆತಕ್ಕೆ ಸಿಕ್ಕಿ ದಡಾರನೆ ಮುಚ್ಚಿಕೊಳ್ಳುವುದುಂಟು.

ನ್ಯೂಯಾರ್ಕಿನ ಹಳೆಯ ಕಟ್ಟಡಗಳಲ್ಲಿರುವವರಿಗೆ ಒಂದು ಮಾತು: ಅಲ್ಲಿ ಅನೇಕ ಕಡೆ ರೇಡಿಯೇಟರಿಗೆ ಬರುವುದು ಬಿಸಿನೀರಲ್ಲ, ಆವಿ. ಒಂದೇ ಕೊಳವೆಯಲ್ಲಿ ಆವಿ ಮೇಲೇರಿ, ತಣಿದ ನೀರು ಕೆಳಗಿಳಿಯಬೇಕು. ರೇಡಿಯೇಟರು ವಾಲ್ವಿನ ಕಡೆಗೆ ತುಸು ಇಳಿಜಾರಾಗಿರದಿದ್ದರೆ, ಅಥವಾ ವಾಲ್ವನ್ನು ಅರ್ಧ ತೆರೆದಿದ್ದರೆ, ನಿಂತ ನೀರನ್ನು ಆವಿಯು ಎತ್ತಿ ಎಸೆಯುತ್ತದೆ. ಪೂರ್ತಿ ತೆರೆಯಿರಿ, ಇಲ್ಲವೆ ಪೂರ್ತಿ ಮುಚ್ಚಿರಿ.

ನಿಜವಾಗಿ ಹೆದರಬೇಕಾದ ಸದ್ದು ಇವಾವುದೂ ಅಲ್ಲ. ಬಾಯ್ಲರ್ ಹೊತ್ತಿಕೊಳ್ಳುವ ಗಳಿಗೆಯಲ್ಲಿಯೇ ಬರುವ ‘ಭೊಂ’ ಎಂಬ ಒಂದು ಸ್ಫೋಟ, ಅದೇ. ಗ್ಯಾಸು ಕೂಡಲೆ ಹತ್ತದೆ, ಸ್ವಲ್ಪ ಕೂಡಿಕೊಂಡ ಮೇಲೆ ಒಟ್ಟಿಗೆ ಹತ್ತಿತೆಂದು ಅದರ ಅರ್ಥ. ಸಿಲಿಂಡರ್ ತೆರೆದಿಟ್ಟು ಬೆಂಕಿಕಡ್ಡಿ ಹುಡುಕಲು ಹೋದವರಿಗೆ ಇದು ಗೊತ್ತು. ಹಾಗಾದರೆ ಬಾಯ್ಲರನ್ನು ಆರಿಸಿಬಿಡತಕ್ಕದ್ದು, ನೋಟುಪುಸ್ತಕಕ್ಕಾಗಿ ಕಾಯತಕ್ಕದ್ದಲ್ಲ. ಗ್ಯಾಸಿನ ವಾಸನೆ, ಪೆಟ್ಟಿಗೆಯ ಸುತ್ತ ಮಸಿ, ಮನೆಯಲ್ಲಿದ್ದಾಗ ತಲೆನೋವು ಬಂದು ಹೊರಗೆ ಹೋದರೆ ಹೋಗುವುದು, ಇವುಗಳಲ್ಲಿ ಒಂದಿದ್ದರೂ ಮಗುವನ್ನೆತ್ತಿಕೊಂಡು ಹೊರಗೆ ಬಂದು ಅಲ್ಲಿಂದಲೇ ಫೋನು ಮಾಡಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಸದ್ದೂ ಇಲ್ಲ. ಹಾಗೆಯೇ ಕಠಿನವಾದ ಹಿಮದಲ್ಲಿ ಕೊಳವೆಗಳು ಹೆಪ್ಪುಗಟ್ಟಿರುವ ಸಂಶಯವಿದ್ದರೆ, ಅವು ಕರಗುವ ತನಕ ಬಾಯ್ಲರನ್ನು ಹೊತ್ತಿಸಬಾರದು. ಹೋಗಲು ದಾರಿಯಿಲ್ಲದ ನೀರನ್ನು ಕಾಯಿಸುವುದು ಅಪಾಯಕರ. ಬಾಯ್ಲರಿನ ಮುಚ್ಚಳವನ್ನಂತೂ ತಾವೇ ಬಿಚ್ಚಬೇಡಿರಿ. ಬ್ರಿಟನ್ನಿನಲ್ಲಿ ಗ್ಯಾಸಿನ ಕೆಲಸವನ್ನು ೨೦೦೯ರಿಂದ ಗ್ಯಾಸ್ ಸೇಫ್ ಎಂಬ ಪಟ್ಟಿಯಲ್ಲಿ ಹೆಸರಿರುವವರೇ ಮಾಡಬೇಕು. ಬಾಡಿಗೆ ಮನೆಯ ಗ್ಯಾಸಿನ ಉಪಕರಣಗಳನ್ನು ವರ್ಷಕ್ಕೊಮ್ಮೆ ಅಂಥವರಿಂದ ಪರೀಕ್ಷೆ ಮಾಡಿಸಬೇಕೆಂದು ೧೯೯೮ರ ನಿಯಮಗಳು ವಿಧಿಸುತ್ತವೆ. ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡನ್ನು ದುರಸ್ತಿಯಲ್ಲಿಡುವ ಹೊಣೆ ಧಣಿಯದೆಂದು ೧೯೮೫ರ ಕಾನೂನು ಹೇಳುತ್ತದೆ. ಇದನ್ನು ತಿಳಿಯದೆ, ಕೇಳಿದರೆ ಏನೆಂದುಕೊಳ್ಳುವರೋ ಎಂದು ಸುಮ್ಮನಿರುವವರು ನಮ್ಮ ಹುಡುಗಿಯರಲ್ಲಿ ಇದ್ದಾರೆ.

ಊರಿನಲ್ಲಿಯೇ ಇರುವವರು ಇದೆಲ್ಲ ನಮಗೇಕೆಂದು ಪುಟ ಮಗುಚಬಾರದು. ಕೊಳವೆಬಾವಿಯ ಗಡಸು ನೀರು ಕುಡಿದ ಗೀಸರು ಚಟಚಟ ಎನ್ನುತ್ತ, ವಿದ್ಯುತ್ತನ್ನು ಹೆಚ್ಚು ತಿನ್ನುತ್ತ, ನೀರು ಕಾಯಿಸಲು ಮುಂಚಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದೂ ಆ ಹಕ್ಕಳೆಯಿಂದಲೇ. ಬಿಚ್ಚಿಸಿ ತೊಳೆಸಿದರೆ ಸರಿಹೋಗುವುದು. ಅದರ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುವ ನೀರು ಕಿರಿಕಿರಿಯೆಂದು ಅದಕ್ಕೆ ಬಿರಡೆ ಹಾಕಿಸಿದ ಮನೆಗಳನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಮನೆಯ ಬಚ್ಚಲಿನಲ್ಲಿ ನಾನು ಸ್ನಾನ ಮಾಡುವುದಿಲ್ಲ.

ನಮ್ಮ ದಾದಿಯು ಆ ಪುಟದ ಪ್ರತಿಯನ್ನು ಮನೆಯ ಧಣಿಗೆ ಕಳುಹಿಸಿದಳು. ಈ ಬಾರಿ ಬಂದವನು ಅದನ್ನು ನಿಂತಲ್ಲಿಯೇ ಎರಡು ಸಲ ಓದಿ, ಬಾಯ್ಲರಿನ ಕಡೆಗೆ ಹೋಗದೆ, ಒಂದೊಂದು ರೇಡಿಯೇಟರಿನ ಕೆಳಗೂ ಕೈಯಾಡಿಸುತ್ತ ಹೋದನಂತೆ. ಹಿಂದಿನ ಕೋಣೆಯಲ್ಲಿ, ಮಗುವಿನ ತೊಟ್ಟಿಲ ಹಿಂದೆ, ವಾಲ್ವಿನ ಕೆಳಗಿನ ಕಂಬಳಿ ಒದ್ದೆಯಾಗಿತ್ತು. ಅದನ್ನು ಬಿಗಿಮಾಡಿ, ಎರಡನೆಯ ದಿನ ಒಳಗಿನ ಹಕ್ಕಳೆ ಕೆಸರುಗಳನ್ನು ತೊಳೆದು, ತುಕ್ಕುಹಿ­ಡಿಯದಂತೆ ತಡೆಯುವ ಔಷಧವನ್ನು ಹೊಸ ನೀರಿನಲ್ಲಿ ಬೆರೆಸಿ ಹೋದನು. ಮುಳ್ಳು ಆರು ವಾರಗಳಿಂದ ೧.೨ರಲ್ಲಿಯೇ ನಿಂತಿದೆಯೆಂದೂ, ಮೆಟ್ಟಿಲ ಕೆಳಗಿನ ಟಕ್ ಟಕ್ ಮಾತ್ರ ಹಾಗೆಯೇ ಇದ್ದು, ಮಗು ಅದಕ್ಕೆ ಏಳುವುದಿಲ್ಲವೆಂದೂ ಬರೆದಿದ್ದಾಳೆ.